ಹಿಂದಿರುಗಿಸದ ವೀಳ್ಯ

ವೈ.ಎನ್.ಹೊಸಕೋಟೆ
14 ಜನವರಿ 1962

ಬಡವನಹಳ್ಳಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಗಂಗಲಕ್ಷ್ಮಮ್ಮನವರಿಗೆ,

ನಾನು ಟೈಲರ್ ಹಬೀಬ್. ಊರು ಸಿರಾ, ಅಂಗಡಿ ಇಟ್ಟಿರುವುದು ಹೊಸಕೋಟೆಯಲ್ಲಿ. ನಿಮ್ಮ ತಮ್ಮ ಮೂಡಲಗಿರಿಯಪ್ಪ ನನ್ನ ಅಂಗಡಿಯ ಜಗುಲಿಯ ಮೇಲೆ ಕೂತು ಆರು ವರ್ಷ ಗೋಣಿಚೀಲ ಹೊಲಿದವನು. ಈಗ ಅದೇ ಜಗುಲಿಯ ಮೇಲೆ ಪೆದ್ದಮ್ಮ ಕೂತಿದ್ದಾಳೆ. ಅವಳಿಗೆ ಓದುಬರಹ ಬಾರದು. "ನಾನು ಅಂದದ್ದನ್ನ ಅಂದಂಗೇ ಬರೀರಿ ಸಾಬ್ರೇ, ನಡುವೆ ನಿಮ್ಮ ಉಪ್ಪು ಖಾರ ಹಾಕ್ಬ್ಯಾಡ್ರಿ" ಎಂದಿದ್ದಾಳೆ. ಹಾಗೇ ಬರೆಯುತ್ತೇನೆ.

ಅತ್ತಿಗೆಮ್ಮಾ, ಪಾವಗಡದ ಕಡ್ಲೆಕಾಯಿ ಮಿಲ್ಲಿನ ಗೋದಾಮಿನ ಗೋಡೆ ಬಿದ್ದು ನಿಮ್ಮ ತಮ್ಮ ಹೋಗಿ ಎರಡು ತಿಂಗಳಾತು. ಗೋಡೆ ಬಿರುಕು ಬಿಟ್ಟಿದ್ದು ಊರಿಗೇ ಗೊತ್ತಿತ್ತು. ಆದ್ರೂ ಸೂರಿನಗಂಟ ಮೂಟೆ ಒಟ್ಟಿದ್ರು. ಅವ್ರು ಆವತ್ತು ಆ ಗೋಡೆ ನೆಳ್ಳಾಗೆ ಕೂತು ರೈತರ ಹರಿದ ಚೀಲ ಹೊಲೀತಿದ್ರು. ಮಿಲ್ಲಿನ ಆಳಲ್ಲ, ಯಾರ ಆಳೂ ಅಲ್ಲ.

ಹೋದ ಸೋಮವಾರ ಮಿಲ್ಲಿನ ಗುಮಾಸ್ತ ಚನ್ನಮಲ್ಲಯ್ಯ ಬಂದ. "ನೋಡಮ್ಮ, ನೀನು ಅವನಿಗೆ ಅಡಿಗೆ ಮಾಡಿ ಹಾಕ್ತಿದ್ದೋಳು, ಅಷ್ಟೇ ತಾನೆ? ಇದಕ್ಕೊಂದು ಹೆಬ್ಬೆಟ್ಟು ಒತ್ತು" ಅಂದ. "ಅಡಿಗೆಯೋಳ ಹೆಬ್ಬೆಟ್ಟಿಗೆ ಇಷ್ಟು ದೂರ ಬಸ್ ಚಾರ್ಜು ಕೊಟ್ಕೊಂಡು ಬಂದ್ಯಾ ಸ್ವಾಮಿ?" ಅಂದೆ. ಎದ್ದೋದ.

ಮಧುಗಿರಿ ವಕೀಲ್ರು ಶಂಕರಲಿಂಗಪ್ಪನೋರನ್ನ ಸಾಬ್ರು ಕೇಳ್ಕೊಂಡು ಬಂದವ್ರೆ. ಇನ್ನೊಬ್ರ ತಪ್ಪಿನಿಂದ ಮನುಷ್ಯ ಸತ್ರೆ ಅವನ ಹೆಂಡ್ತಿ ಮಕ್ಕಳು ದಾವೆ ಹಾಕಬೌದಂತೆ. ವರ್ಷ ತುಂಬೋದ್ರೊಳಗೆ ಹಾಕಬೇಕಂತೆ. ಆದ್ರೆ ಪೋಲೀಸಿನೋರ ಕಾಗದದಾಗೆ "ಮೃತನಿಗೆ ಹೆಂಡತಿ ಮಕ್ಕಳಿಲ್ಲ, ಅಕ್ಕ ಒಬ್ಬಳೇ" ಅಂತ ಐತಂತೆ. ಆವತ್ತು ಆಸ್ಪತ್ರೆ ವರಾಂಡದಾಗೆ ನೀವು ಅಂಗೆ ಹೇಳಿದ್ದು ನನಗೂ ಕೇಳಿಸ್ತು. ಮಗಳ ಕೈ ಹಿಡ್ಕೊಂಡು ಬೇವಿನ ಮರದ ಕೆಳಗೆ ನಿಂತಿದ್ದೆ. ಯಾಕೆ ಅಂದ್ರಿ ಅಂತ ಕೇಳಾಕೆ ಈ ಕಾಗದ ಬರೆಸ್ತಿಲ್ಲ.

ನಾನು ಮೊದಲ ಗಂಡ ಸತ್ತೋಳು. ನಿಮ್ಮ ತಮ್ಮ ನನ್ನ ಸೀರುಡಿಕೆ ಮಾಡ್ಕೊಂಡ್ರು. ನಮ್ಮ ಕುಲದಾಗೆ ಗಂಡ ಸತ್ತೋಳಿಗೆ ವಾಲಗ ಇಲ್ಲ, ಧಾರೆ ಇಲ್ಲ. ಗಂಡಿನ ಮನೆ ಹಿರೇ ಹೆಂಗಸು ಕಳಿಸಿದ ಸೀರೆನ ಹತ್ತು ಜನದ ಮುಂದೆ ಉಟ್ಕೊಂಡ್ರೆ ಅದೇ ಮದುವೆ. ಆ ಸೀರೆ ಕಳಿಸಿದೋರು ನೀವು. ಅದೊಂದು ಮಾತು ಕೋರ್ಟಿನಾಗೆ ಹೇಳ್ರಿ. ಬೇರೇನೂ ಬ್ಯಾಡ.

ಇಂತಿ ಕಾಲಿಗೆ ಬೀಳುವ
ಪೆದ್ದಮ್ಮ (ಹೆಬ್ಬೆಟ್ಟಿನ ಗುರುತು)

ಇದು ನನ್ನ ಮಾತು: ಉಪ್ಪು ಖಾರ ಹಾಕಿಲ್ಲ. ಹಾಕುವ ಜಾಗವೂ ಇರಲಿಲ್ಲ. — ಹಬೀಬ್


ಬಡವನಹಳ್ಳಿ
27 ಜನವರಿ 1962

ಹಬೀಬ್ ಸಾಹೇಬರಿಗೆ ವಂದನೆಗಳು.

ಕಾಗದ ನಿಮ್ಮ ಕೈಬರಹದಲ್ಲಿದ್ದುದರಿಂದ ಉತ್ತರವನ್ನೂ ನಿಮಗೇ ಬರೆಯುತ್ತಿದ್ದೇನೆ. ಆ ಹೆಂಗಸಿಗೆ ಬರೆದು ನನಗೆ ಅಭ್ಯಾಸವಿಲ್ಲ.

ನಮ್ಮ ತಂದೆ ಪ್ಲೇಗಿನಲ್ಲಿ ಹೋದರು. ತಾಯಿ ಹೋದಾಗ ಮೂಡ್ಲನಿಗೆ ಒಂದೂವರೆ ವರ್ಷ. ಆಗ ನನಗೆ ಹತ್ತೊಂಬತ್ತು, ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಮೂರು ತಿಂಗಳಾಗಿತ್ತು. ಅವನಿಗೆ ರಾಗಿ ಅಂಬಲಿ ಆರಿಸಿ ಕುಡಿಸಿದವಳು ನಾನು. ನಾನು ಓದಿ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದು ಅವನನ್ನು ಸಾಕುವುದಕ್ಕೆ. ಅವನ ಸಾವಿಗೆ ಯಾರಾದರೂ ಉತ್ತರ ಕೇಳಬೇಕಾದರೆ ನಾನು ಕೇಳಬೇಕು. ಐದಾರು ವರ್ಷ ಜೊತೆಗಿದ್ದವರಲ್ಲ.

ಮಿಲ್ಲಿನ ಗುಮಾಸ್ತರು ಇಲ್ಲಿಗೂ ಬಂದಿದ್ದರು. ನನ್ನೊಡನೆ ಮರ್ಯಾದೆಯಿಂದಲೇ ಮಾತಾಡಿದರು. "ನೀವೇ ತಾಯಿ ಇದ್ದ ಹಾಗೆ ಮೇಡಂ, ನೀವೊಬ್ಬರೇ ವಾರಸುದಾರರು ಅಂತ ಒಂದು ಸಹಿ ಹಾಕಿದರೆ ಸಾಹುಕಾರರು ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದಿಲ್ಲ" ಎಂದರು. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.

ಒಂದು ವಿಷಯ ಮಾತ್ರ ತಿಳಿಯಬೇಕು. ಆಕೆ ಹೇಳುವ ಸೀರೆ ಯಾವುದು? ಅದರ ಬಣ್ಣವೇನು?

ಗಂಗಲಕ್ಷ್ಮಮ್ಮ


ವೈ.ಎನ್.ಹೊಸಕೋಟೆ
20 ಫೆಬ್ರವರಿ 1962

ಅತ್ತಿಗೆಮ್ಮಾ,

ನೀವು ಕಳಿಸಿದ ಸೀರೆ ಬಣ್ಣ ನನ್ನ ಕೇಳ್ತೀರಲ್ಲ! ಆರು ವರ್ಷ ಆತು, ಮರೆತಿರಬೌದು. ಇಟ್ಟಿಗೆ ಬಣ್ಣ, ಹಸಿರು ಅಂಚು. ಉಡಿಕೆ ಹಿಂದಿನ ದಿನ ಅವ್ರು ಮಧುಗಿರಿಯಿಂದ ತಂದ್ರು. "ನಮ್ಮಕ್ಕ ಕಳಿಸವ್ಳೆ, ಬಾಯಿ ಜೋರು, ಕೈ ಬಲು ಮೆತ್ತಗೆ" ಅಂದ್ರು. ಹಿರೇರು ಚಿಕ್ಕರಂಗಯ್ಯನೋರು ಅದನ್ನ ಕೈಯಾಗೆ ಹಿಡ್ದು "ಬಡವನಹಳ್ಳಿ ಗಂಗಲಕ್ಷ್ಮಮ್ಮನ ಹೆಸರಿನಾಗೆ" ಅಂತ ಮೂರು ಸಲ ಕೂಗಿ ಕೊಟ್ರು. ಆಗ ನನ್ನ ಮಗಳು ಚಿಕ್ಕಹನುಮಕ್ಕ ನಾಲ್ಕು ವರ್ಷದೋಳು, ಅವಳನ್ನೂ ಅವ್ರ ತೊಡೆ ಮೇಲೆ ಕುಂಡ್ರಿಸಿದ್ರು.

ಮೂರನೇ ದಿನ ಹಿರೇರು ನಿಮಗೆ ವೀಳ್ಯ ಕಳಿಸಿದ್ರು, ಐದು ಎಲೆ, ಎರಡು ಅಡಿಕೆ. ಒಪ್ಪದಿದ್ರೆ ಅದು ಹಿಂದಕ್ಕೆ ಬರಬೇಕು. ಬಂದ್ರೆ ಉಡಿಕೆ ಮುರೀತು. ಬರಲಿಲ್ಲ. ನಿಮ್ಮ ಕಾಗದ ಬಂತು. ಅವ್ರು ಓದ್ಕೊಂಡು "ಅಕ್ಕ ಆಶೀರ್ವಾದ ಮಾಡವ್ಳೆ" ಅಂದ್ರು. ಅದನ್ನ ಚೀಲ ಹೊಲಿಯೋ ದಬ್ಬಳದ ಜೊತೆ ತಗಡಿನ ಡಬ್ಬಿಯಾಗೆ ಇಟ್ಕೊಂಡಿದ್ರು. ಗೋಡೆ ಬಿದ್ದ ದಿನ ಡಬ್ಬಿ ಮನೇಲಿ ಮರೆತು, ದಬ್ಬಳ ಒಂದನ್ನೇ ತಗೊಂಡು ಹೋಗಿದ್ರು.

ಕಾಗದ ಇನ್ನೂ ಐತೆ. ಸಾಬ್ರು ಓದ್ಲಾ ಅಂದ್ರು. ಬ್ಯಾಡ ಅಂದೆ. ಅಕ್ಕ ತಮ್ಮಂದು ಅದು.

ಪೆದ್ದಮ್ಮ (ಹೆಬ್ಬೆಟ್ಟಿನ ಗುರುತು)


ಬಡವನಹಳ್ಳಿ
6 ಮೇ 1962

ಪೆದ್ದಮ್ಮನಿಗೆ,

ಉತ್ತರ ತಡವಾಯಿತು. ಶಾಲೆಗೆ ರಜೆ ಬಂದ ಮೇಲೆ ಮಧುಗಿರಿಗೆ ಹೋಗಿ ವಕೀಲ ಶಂಕರಲಿಂಗಪ್ಪನವರನ್ನು ಕಂಡೆ. ನಿನ್ನ ಪರವಾಗಿ ಹೋಗಿರಲಿಲ್ಲ, ನನ್ನ ಹೆಸರಿನಲ್ಲಿ ದಾವೆ ಹಾಕಬಹುದೇ ಎಂದು ಕೇಳಲು ಹೋಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಅವರು ಹಳೆಯ ಪುಸ್ತಕವೊಂದನ್ನು ತೆಗೆದು ಬೆರಳಿಟ್ಟು ಓದಿದರು. ನೂರು ವರ್ಷ ದಾಟಿದ ಕಾಯಿದೆಯಂತೆ. ಹೆಂಡತಿ, ಗಂಡ, ತಾಯಿ, ತಂದೆ, ಅಜ್ಜ, ಅಜ್ಜಿ. ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಆಮೇಲೆ ಮಲಮಗ, ಮಲಮಗಳು. ಅಲ್ಲಿಗೆ ನಿಲ್ಲಿಸಿದರು.

"ಪುಟ ತಿರುಗಿಸಿ ಸ್ವಾಮಿ" ಎಂದೆ.

"ತಿರುಗಿಸಿದರೂ ಇಲ್ಲಮ್ಮ. ಪಟ್ಟಿ ಮುಗಿಯಿತು."

"ಅಕ್ಕ ಎಲ್ಲಿ?"

"ಅಕ್ಕನೂ ಇಲ್ಲ, ಅಣ್ಣನೂ ಇಲ್ಲ."

"ಅವನು ಹುಟ್ಟಿದ್ದು ಬೇರೆಯವರಿಗೆ ನಿಜ. ಬದುಕಿದ್ದು ನನ್ನಿಂದ. ತಾಯಿ ಅಂದರೆ ಅಷ್ಟಲ್ಲವೇ?"

ಅವರು ಕನ್ನಡಕ ತೆಗೆದು ಒರೆಸಿದರು. "ಕಾಯಿದೆಗೆ ಅಷ್ಟು ಹೃದಯ ಇಲ್ಲಮ್ಮ. ನಿಮ್ಮ ತಮ್ಮನಿಗೆ ರಕ್ತಸಂಬಂಧವೇ ಇಲ್ಲದ ಆ ಹುಡುಗಿ ಕೇಳಬಹುದು, ಅವಳ ತಾಯಿ ಕೇಳಬಹುದು. ನೀವು ಕೇಳುವ ಹಾಗಿಲ್ಲ."

ಗುಮಾಸ್ತರು ತಂದ ಕಾಗದದ ಸಂಗತಿ ಹೇಳಿದೆ. ನಕ್ಕರು. "ನಿಮ್ಮನ್ನು ಯಾಕೆ ಅಷ್ಟು ಮರ್ಯಾದೆಯಿಂದ ಹುಡುಕಿಕೊಂಡು ಬಂದರು ಗೊತ್ತೇ? ನೀವು ದಾವೆ ಹಾಕಲಾರಿರಿ ಅಂತ. ವಾರಸುದಾರಳು ನೀವೊಬ್ಬರೇ ಎಂದು ಬರೆದುಕೊಟ್ಟರೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ. ಕೇಳುವವರೇ ಇಲ್ಲದ ಸಾವು. ಗೋಡೆ ತಾನಾಗಿ ಬಿತ್ತು, ಮನುಷ್ಯ ತಾನಾಗಿ ಸತ್ತ. ಮುಗಿಯಿತು."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟು ಬಂದದ್ದು ಸಾಹುಕಾರರ ಮೇಲಲ್ಲ. ನಿನ್ನ ಮೇಲೂ ಅಲ್ಲ. ಆ ಪುಸ್ತಕದ ಮೇಲೆ. ಮೂವತ್ತು ವರ್ಷದಿಂದ ಮಕ್ಕಳ ಹಾಜರಿ ಕೂಗುತ್ತಿದ್ದೇನೆ. ಹೆಸರಿಲ್ಲದ ಮಗು ತರಗತಿಯಲ್ಲಿ ಕೂತಿದ್ದರೆ ಹೇಗಿರುತ್ತದೆಂದು ಈಗ ತಿಳಿಯಿತು.

ಗುಮಾಸ್ತರಿಗೆ ಇನ್ನೂ ಏನೂ ಹೇಳಿಲ್ಲ. ನೀನು ಒಂದು ಕೆಲಸ ಮಾಡು. ಡಬ್ಬಿಯಲ್ಲಿರುವ ಆ ಕಾಗದವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ನನಗೆ ಕಳಿಸಿಬಿಡು. ಅಲ್ಲಿಯತನಕ ಯಾರ ಕೈಗೂ ಕೊಡಬೇಡ, ಯಾರಿಂದಲೂ ಓದಿಸಬೇಡ.

ಗಂಗಲಕ್ಷ್ಮಮ್ಮ


ವೈ.ಎನ್.ಹೊಸಕೋಟೆ
22 ಜುಲೈ 1962

ಅತ್ತಿಗೆಮ್ಮಾ,

ಕಾಗದ ಕಳಿಸಾಕಿಲ್ಲ. ಅವ್ರದು ಅಂತ ನನ್ನ ಹತ್ರ ಉಳಿದಿರೋದು ಆ ಡಬ್ಬಿ ಒಂದೇ. ಅವ್ರ ದೇಹನ ಮಿಲ್ಲಿನ ಲಾರಿಯಾಗೆ ನಿಮ್ಮೂರಿಗೆ ತಗೊಂಡೋದ್ರಿ. ನಾನು ಲಾರಿ ಹತ್ತಾಕೆ ಬಂದ್ರೆ "ಇದು ಮನೆಯೋರ ಕೆಲಸ" ಅಂದ್ರಿ. ಮಣ್ಣು ಹಾಕಾಕೂ ಬಿಡಲಿಲ್ಲ. ಇನ್ನು ಕಾಗದನೂ ಕೊಡ್ಬೇಕಾ?

ಇಲ್ಲಿ ಸುದ್ದಿ ಚೆನ್ನಾಗಿಲ್ಲ. ಉಡಿಕೆ ಮಾಡಿಸಿದ ಚಿಕ್ಕರಂಗಯ್ಯನೋರು "ನನಗೇನೂ ಗ್ಯಾಪಕ ಇಲ್ಲ" ಅಂತವ್ರೆ. ಅವ್ರ ಮಗನಿಗೆ ಮಿಲ್ಲಿನಾಗೆ ತೂಕದ ಕೆಲಸ ಸಿಕ್ಕೈತೆ. ಮೊನ್ನೆ ನೀರಿಗೆ ಹೋದಾಗ ಎದುರಿಗೆ ಸಿಕ್ರು. "ಏನ್ ಮಾವಾ, ಮೂರು ಸಲ ಕೂಗಿದ್ದು ಮರೆತೋಯ್ತಾ?" ಅಂದೆ. "ಯಾರಿಗೋ ಕೂಗಿರಬೌದು ಕಣಮ್ಮ, ವರ್ಷಕ್ಕೆ ಹತ್ತು ಕೂಗ್ತೀನಿ" ಅಂದ್ರು. ನನ್ನ ಮುಖ ನೋಡಲಿಲ್ಲ, ಕೊಡ ನೋಡ್ಕೊಂಡು ಹೇಳಿದ್ರು. ಆವತ್ತು ಕೂತಿದ್ದ ಹತ್ತು ಜನಾನೂ ಈಗ ಹಿಂಗೇ.

ನಾಲ್ಕು ತಿಂಗಳೂ ಪೂರ್ತಿ ಉಳಿದಿಲ್ಲ. ಸೀರೆ ಮಾತು ನೀವು ಹೇಳಿದ್ರೆ ಉಂಟು, ಇಲ್ದಿದ್ರೆ ನಾನು ಆರು ವರ್ಷ ಅಡಿಗೆ ಮಾಡಿದೋಳು.

ಪೆದ್ದಮ್ಮ (ಹೆಬ್ಬೆಟ್ಟಿನ ಗುರುತು)

(ಲಕೋಟೆಯ ಒಳಮೈಯಲ್ಲಿ ಪೆನ್ಸಿಲಿನಿಂದ)
ಅತ್ತೆಗೆ ನಮಸ್ಕಾರ. ನಾನು ನಾಲ್ಕನೇ ತರಗತಿ. ಡಬ್ಬಿಯಲ್ಲಿದ್ದ ಕಾಗದ ನಾನು ಓದಿದೆ. ಅಮ್ಮನಿಗೆ ಹೇಳಿಲ್ಲ. ಅದರಲ್ಲಿ ನಾನೂ ಇದ್ದೇನೆ. ಚಿಕ್ಕಹನುಮಕ್ಕ.


ಬಡವನಹಳ್ಳಿ
14 ಅಕ್ಟೋಬರ್ 1962

ಪೆದ್ದಮ್ಮನಿಗೆ,

ಇದನ್ನು ಬರೆಯಲು ಎರಡೂವರೆ ತಿಂಗಳು ಬೇಕಾಯಿತು. ಬರೆದು ಹರಿದದ್ದು ಎಷ್ಟೋ. ಹಬೀಬ್ ಸಾಹೇಬರು ನಡುವೆ ನಿಲ್ಲಿಸದೆ ಓದಲಿ.

ಆ ಸೀರೆ ನಾನು ಕಳಿಸಲಿಲ್ಲ.

ಉಡಿಕೆಗೆ ಮೊದಲು ಅವನು ನನಗೆ ಬರೆದು ಸೀರೆ ಕೇಳಿದ್ದ. ನಾನು ಉತ್ತರವನ್ನೇ ಬರೆಯಲಿಲ್ಲ. ಅವನೇ ಕೊಂಡು ನನ್ನ ಹೆಸರು ಹೇಳಿದ್ದಾನೆ. ಬಾಯಿ ಜೋರು ಎಂದನಲ್ಲ, ಅದು ಮಾತ್ರ ನಿಜ. ಡಬ್ಬಿಯಲ್ಲಿರುವುದು ಆಶೀರ್ವಾದವಲ್ಲ. ಅದರಲ್ಲಿರುವ ಮಾತುಗಳನ್ನು ಇನ್ನೊಮ್ಮೆ ಬರೆಯಲು ನನ್ನ ಕೈ ಏಳುತ್ತಿಲ್ಲ. ಸಾಹೇಬರೇ ಓದಿ ಹೇಳಲಿ. ಅದಕ್ಕೇ ಅದನ್ನು ಹಿಂದಕ್ಕೆ ಕೇಳಿದ್ದೆ. ಒಲೆಗೆ ಹಾಕಬೇಕೆಂದಿದ್ದೆ.

ನನ್ನ ಸಿಟ್ಟಿಗೆ ಕಾರಣ ಏನೆಂದು ನೀನು ಕೇಳಲಿಲ್ಲ. ನಾನೇ ಹೇಳುತ್ತೇನೆ. ನನಗೆ ಇಪ್ಪತ್ತೆರಡಾಗಿದ್ದಾಗ ಹೊಳವನಹಳ್ಳಿಯಿಂದ ಒಬ್ಬರು ಉಡಿಕೆಗೆ ಕೇಳಿದ್ದರು. ಒಳ್ಳೆಯ ಮನುಷ್ಯ. ಹುಡುಗನನ್ನು ಎಲ್ಲಾದರೂ ಬಿಟ್ಟು ಬರಬೇಕು ಎಂಬುದೊಂದೇ ಷರತ್ತು. ಬೇಡವೆಂದೆ. ಅದನ್ನು ಮೂಡ್ಲನಿಗೆ ಎಂದೂ ಹೇಳಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ ಅವನು, ಮಗುವಿರುವ ವಿಧವೆಯೊಬ್ಬಳನ್ನು ಉಡಿಕೆ ಮಾಡಿಕೊಳ್ಳುತ್ತೇನೆ, ಮಗುವೂ ಜೊತೆಗೆ ಬರುತ್ತದೆ ಎಂದು ಬರೆದ. ಅವನಿಗೆ ಅದು ಅಷ್ಟು ಸುಲಭವಾಗಿತ್ತು. ನಿನಗೆ ಅಂಥವನು ಸಿಕ್ಕಿದ. ಅಷ್ಟೇ ನೀನು ಮಾಡಿದ ಅಪರಾಧ.

ಆಸ್ಪತ್ರೆಯ ವರಾಂಡದಲ್ಲಿ ಪೋಲೀಸಿನವರು ಹೆಂಡತಿ ಮಕ್ಕಳು ಉಂಟೇ ಎಂದಾಗ ನೀನು ಮರದ ಕೆಳಗೆ ನಿಂತದ್ದು ನನಗೆ ಕಾಣುತ್ತಿತ್ತು. ನೋಡಿಕೊಂಡೇ ಹೇಳಿದೆ.

ಮೊನ್ನೆ ಮತ್ತೆ ಮಧುಗಿರಿಗೆ ಹೋಗಿ ಎಲ್ಲವನ್ನೂ ವಕೀಲರಿಗೆ ಒಪ್ಪಿಸಿದೆ. ಸೀರೆ ಕಳಿಸಿದೆನೆಂದು ಸುಳ್ಳು ಹೇಳಿಬಿಡಲೇ ಎಂದು ಕೇಳಿದೆ. ಬೇಡವೆಂದರು. ಹತ್ತು ಜನ ಹಿಂಜರಿದಿರುವಾಗ ಆ ಕಾಗದವೇ ಬೇಕು, ಬೈದವರ ಬಾಯಿಂದ ಬಂದ ಸಾಕ್ಷಿಯನ್ನು ಯಾರೂ ಕಟ್ಟುಕತೆ ಎನ್ನಲಾರರು ಎಂದರು. ಅದನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ನಮ್ಮ ಶಾಲೆಯ ಕಮಿಟಿಯವರು ಅರ್ಧ ಜನ ಅದೇ ಕೋರ್ಟಿನ ಸುತ್ತ ಇರುವವರು. ಓದಲಿ.

ನವೆಂಬರ್ ಒಂಬತ್ತಕ್ಕೆ ವರ್ಷ ತುಂಬುತ್ತದೆ. ಅಷ್ಟರೊಳಗೆ ಕಾಗದ ತೆಗೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತು. ಗುಮಾಸ್ತರಿಗೆ ಆಗುವುದಿಲ್ಲವೆಂದು ಹೇಳಿಕಳಿಸಿದ್ದೇನೆ.

ಇದಕ್ಕೆ ಉತ್ತರ ಬರೆಸಬೇಕಾಗಿಲ್ಲ.

ಗಂಗಲಕ್ಷ್ಮಮ್ಮ


ವೈ.ಎನ್.ಹೊಸಕೋಟೆ
7 ನವೆಂಬರ್ 1962

ಗಂಗಲಕ್ಷ್ಮಮ್ಮನವರಿಗೆ ಹಬೀಬ್ ಮಾಡುವ ಸಲಾಮು.

ನಿನ್ನೆ ಮಧುಗಿರಿಯಲ್ಲಿ ದಾವೆ ದಾಖಲಾಯಿತು. ಪೆದ್ದಮ್ಮನ ಹೆಸರು, ಮಗಳ ಹೆಸರು. ಮೂರು ದಿನ ಉಳಿದಿತ್ತು.

ನೀವು ಹೇಳಿದಂತೆ ನಿಮ್ಮ ಕಾಗದ ಓದಿ, ಆಮೇಲೆ ಡಬ್ಬಿಯ ಕಾಗದವನ್ನೂ ಓದಿದೆ. ನಡುವೆ ನಿಲ್ಲಿಸಲಿಲ್ಲ, ನಿಲ್ಲಿಸಬೇಕು ಅನ್ನಿಸಿತ್ತು. ಅವಳು ನಿಂತೇ ಕೇಳಿದಳು. ಕಾಗದ ಮಡಿಸಿ ಡಬ್ಬಿಗಿಟ್ಟು "ಆರು ವರ್ಷ ನನಗೆ ಸುಳ್ಳು ಹೇಳವ್ರೆ ಸಾಬ್ರೇ, ಒಂದಿನಾನೂ ಮುಖದಾಗೆ ಕಾಣಿಸ್ಲಿಲ್ಲ" ಎಂದಳು. ನಿಮ್ಮ ವಿಷಯ ಏನೂ ಅನ್ನಲಿಲ್ಲ. ಆ ಇಟ್ಟಿಗೆ ಬಣ್ಣದ ಸೀರೆ ಉಟ್ಟುಕೊಂಡೇ ಮಧುಗಿರಿಗೆ ಬಂದಿದ್ದಳು.

ಅವಳು ಇನ್ನು ಬರೆಸುತ್ತಾಳೋ ಇಲ್ಲವೋ ಹೇಳಲಾರೆ. ನಾನು ಕೇಳುವುದಿಲ್ಲ.

ಹಬೀಬ್


(ಪೋಸ್ಟ್ ಕಾರ್ಡು)
ವೈ.ಎನ್.ಹೊಸಕೋಟೆ
19 ಆಗಸ್ಟ್ 1963

ಅತ್ತೆಗೆ ನಮಸ್ಕಾರ. ಕೋರ್ಟಿನಿಂದ ಬಂದು ಆರು ದಿನ ಆಯಿತು. ಅಮ್ಮ ಮಾತಾಡುತ್ತಿಲ್ಲ. ಊಟ ಮಾಡುತ್ತಾಳೆ, ಚೀಲ ಹೊಲಿಯುತ್ತಾಳೆ. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರಿಂದ ನನಗೆ ಏನೂ ಕೇಳಿಸಲಿಲ್ಲ. ಏನಾಯಿತೆಂದು ನೀವು ಬರೆಯಿರಿ. ನಾನೀಗ ಐದನೇ ತರಗತಿ, ಒತ್ತಕ್ಷರ ಎಲ್ಲ ಬರುತ್ತದೆ.
ಚಿಕ್ಕಹನುಮಕ್ಕ


ಬಡವನಹಳ್ಳಿ
25 ಆಗಸ್ಟ್ 1963

ಚಿಕ್ಕಹನುಮಕ್ಕನಿಗೆ,

ನಿನ್ನ ಅಕ್ಷರ ದುಂಡಗಿದೆ. ಸಾಲು ಮಾತ್ರ ಮೇಲಕ್ಕೆ ಹತ್ತುತ್ತದೆ, ಕಾರ್ಡನ್ನು ನೇರ ಇಟ್ಟುಕೊಂಡು ಬರೆ.

ಕೇಳಿದ್ದೀಯೆ, ಹೇಳುತ್ತೇನೆ. ಸಣ್ಣವಳೆಂದು ಬಿಟ್ಟು ಹೇಳುವುದಿಲ್ಲ. ನೀನು ಬಿಡದೆ ಓದಿದವಳು.

ನನ್ನನ್ನು ಕಟಕಟೆಗೆ ಕರೆದರು. ಮಿಲ್ಲಿನವರ ವಕೀಲರು ವಯಸ್ಸಾದವರು, ಮಾತು ಮೆತ್ತಗೆ. ಪೋಲೀಸಿನವರ ಕಾಗದ ತೋರಿಸಿ, "ಮೃತನಿಗೆ ಹೆಂಡತಿ ಮಕ್ಕಳಿಲ್ಲ ಎಂದವರು ನೀವೇ ತಾನೆ?" ಎಂದರು.

"ನಾನೇ. ಅದು ಸುಳ್ಳು."

"ಆಗ ಸುಳ್ಳು ಹೇಳಿದವರು ಈಗ ನಿಜ ಹೇಳುತ್ತೀರಿ ಎಂದು ಹೇಗೆ ನಂಬುವುದು ಮೇಡಂ? ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಕಲಿಸುತ್ತೀರಾ?"

ಹಿಂದೆ ಯಾರೋ ನಕ್ಕರು. ಆಗ ನಮ್ಮ ಶಂಕರಲಿಂಗಪ್ಪನವರು ಎದ್ದು ಡಬ್ಬಿಯ ಕಾಗದವನ್ನು ಮುಂದಿಟ್ಟರು. ಕೋರ್ಟಿನ ಗುಮಾಸ್ತರಿಗೆ ಮಡಿಕೆಯ ಜಾಗದಲ್ಲಿ ಅಕ್ಷರ ಹತ್ತಲಿಲ್ಲ, ತಡವರಿಸಿದರು. "ಕೊಡಿ, ನಾನು ಬರೆದದ್ದು, ನಾನೇ ಓದುತ್ತೇನೆ" ಎಂದೆ. ನ್ಯಾಯಾಧೀಶರು ತಲೆಯಾಡಿಸಿದರು.

ಓದಿದೆ. ನಿನಗೆ ಗೊತ್ತಿರುವುದೇ. "2 ಏಪ್ರಿಲ್ 1956. ಮೂಡ್ಲ, ನಾನು ಸೀರೆ ಕಳಿಸದಿದ್ದರೂ ಉಡಿಸಿದೆಯಂತೆ. ಹತ್ತು ಜನರನ್ನು ಕೂರಿಸಿಕೊಂಡು, ಯಾರೋ ಉಂಡು ಬಿಟ್ಟ ಎಲೆಯನ್ನು ಮನೆಗೆ ತಂದುಕೊಂಡೆ. ಇನ್ನು ನಿನ್ನ ಹೆಂಡತಿ, ನೀನು ಮಗಳೆಂದು ತೊಡೆಯ ಮೇಲೆ ಕೂರಿಸಿಕೊಂಡ ಆ ಹುಡುಗಿ, ನೀನು, ಮೂವರಲ್ಲಿ ಯಾರೂ ನನ್ನ ಹೊಸ್ತಿಲು ತುಳಿಯಕೂಡದು. ನನಗೆ ತಮ್ಮನಿಲ್ಲ." ಕೆಳಗೆ ನನ್ನ ಸಹಿ.

ಎಲೆಯ ಮಾತು ಬಂದಾಗ ನಿನ್ನ ಅಮ್ಮ ಸೆರಗು ಸರಿಮಾಡಿಕೊಂಡಳು, ಅಷ್ಟೇ. ತಲೆ ತಗ್ಗಿಸಲಿಲ್ಲ. ತಗ್ಗಿಸಿದವಳು ನಾನು.

ಆ ವಕೀಲರು ಬಿಡಲಿಲ್ಲ. "ಸೀರೆ ನೀವು ಕಳಿಸಲಿಲ್ಲ ಎಂದು ನಿಮ್ಮ ಕಾಗದವೇ ಹೇಳುತ್ತದೆ. ಹಿರಿಯ ಹೆಂಗಸು ಒಪ್ಪದ ಸೀರೆ ಉಟ್ಟರೆ ಅದು ಉಡಿಕೆಯಲ್ಲ, ಇಟ್ಟುಕೊಂಡದ್ದು. ಹೌದೋ ಅಲ್ಲವೋ?"

ಅದಕ್ಕೆ ನಾನು ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಮುಚ್ಚಳ ತೆಗೆದು ಎರಡು ಅಡಿಕೆಯನ್ನು ಕಟಕಟೆಯ ಹಲಗೆಯ ಮೇಲಿಟ್ಟೆ. ಸುಣ್ಣದ ಧೂಳು ಹತ್ತಿ ಬೆಳ್ಳಗಾಗಿದ್ದವು.

"ಇದೇನು?" ಎಂದರು ನ್ಯಾಯಾಧೀಶರು.

"ಉಡಿಕೆಯ ವೀಳ್ಯ ಸ್ವಾಮಿ. ಹಿರಿಯರು ಮೂರನೇ ದಿನ ನನಗೆ ಕಳಿಸಿದ್ದು. ಒಪ್ಪದವಳು ಹಿಂದಿರುಗಿಸಬೇಕು. ಹಿಂದಿರುಗಿಸಿದ ದಿನ ಉಡಿಕೆ ಮುರಿಯುತ್ತದೆ. ಎಲೆ ಒಣಗಿ ಹೋಯಿತು, ಅಡಿಕೆ ಇದೆ. ಏಳು ವರ್ಷದಿಂದ ನನ್ನ ಹತ್ತಿರವೇ ಇದೆ."

"ಅಂಥ ಕಾಗದ ಬರೆದವರು ವೀಳ್ಯವನ್ನೇಕೆ ಇಟ್ಟುಕೊಂಡಿರಿ?" ಎಂದರು ಮಿಲ್ಲಿನ ವಕೀಲರು.

"ಸಿಟ್ಟು ಕಾಗದದಲ್ಲಿ ಹೋಯಿತು. ವೀಳ್ಯ ಕಳಿಸಿದ್ದರೆ ಅವನ ಮನೆ ಮುರಿಯುತ್ತಿತ್ತು. ಅವನ ಮನೆ ಮುರಿಯುವಷ್ಟು ಸಿಟ್ಟು ನನಗಿರಲಿಲ್ಲ."

ಆಮೇಲೆ ಕೊನೆಯ ಪ್ರಶ್ನೆ. "ಈ ದಾವೆ ಗೆದ್ದರೆ ನಿಮಗೆಷ್ಟು ಪಾಲು ಎಂದು ಮಾತಾಡಿಕೊಂಡಿದ್ದೀರಿ?"

"ಪಟ್ಟಿಯಲ್ಲಿ ನಾನಿಲ್ಲ" ಎಂದೆ. "ನನಗೆ ಏನೂ ಬರುವುದಿಲ್ಲ. ಕಾಯಿದೆಯ ಪ್ರಕಾರ ನಾನು ಅವನಿಗೆ ಯಾರೂ ಅಲ್ಲ."

ನ್ಯಾಯಾಧೀಶರು ಬರೆಯುತ್ತಿದ್ದವರು ತಲೆಯೆತ್ತಿ ನೋಡಿ, ಮತ್ತೆ ಬರೆದುಕೊಂಡರು. ನನ್ನನ್ನು ಇಳಿಯಲು ಹೇಳಿದರು. ಹೊರಗೆ ಬೆಂಚಿನ ಮೇಲೆ ಹಸಿರು ರಿಬ್ಬನ್ ಕಟ್ಟಿಕೊಂಡು ಕೂತಿದ್ದವಳು ನೀನೇ ಇರಬೇಕು. ಮಾತಾಡಿಸುವ ಧೈರ್ಯವಾಗಲಿಲ್ಲ.

ಶಾಲೆಯ ಕಮಿಟಿಯವರು ವಿವರಣೆ ಕೇಳಿ ನೋಟೀಸು ಕೊಟ್ಟಿದ್ದಾರೆ. ಬರೆದುಕೊಡುತ್ತೇನೆ. ಈಗ ನಿಜ ಬರೆಯುವುದು ಅಭ್ಯಾಸವಾಗಿದೆ.

ಅಮ್ಮನನ್ನು ಮಾತಾಡು ಎಂದು ಕಾಡಬೇಡ.

ಗಂಗಲಕ್ಷ್ಮಮ್ಮ


ಬಡವನಹಳ್ಳಿ
16 ಫೆಬ್ರವರಿ 1964

ಪೆದ್ದಮ್ಮನಿಗೆ,

ತೀರ್ಪಿನ ನಕಲು ವಕೀಲರಿಂದ ನಿನಗೂ ಬಂದಿರುತ್ತದೆ. ಆದರೂ ನಾನು ಹೇಳಬೇಕು. ಗೋಡೆ ಬಿರುಕು ಬಿಟ್ಟದ್ದು ಗೊತ್ತಿದ್ದೂ ಮೂಟೆ ಒಟ್ಟಿದ್ದು ಮಿಲ್ಲಿನವರ ತಪ್ಪು ಎಂದು ತೀರ್ಮಾನವಾಗಿದೆ. ಪರಿಹಾರ ನಿನಗೂ ಹನುಮಕ್ಕನಿಗೂ ಸಮ ಪಾಲು. ಅವಳ ಪಾಲು ಅವಳು ದೊಡ್ಡವಳಾಗುವವರೆಗೆ ಕೋರ್ಟಿನಲ್ಲಿರುತ್ತದೆ. ಅವರು ಮೇಲಿನ ಕೋರ್ಟಿಗೆ ಹೋಗಲಾರರು ಎಂದು ಶಂಕರಲಿಂಗಪ್ಪನವರು ಹೇಳುತ್ತಾರೆ.

ಮೂರನೇ ಪುಟದಲ್ಲಿ ನನ್ನ ವಿಷಯ ಇದೆ. ಹೆಸರಿಲ್ಲ, "ವಾದಿಯ ಎರಡನೇ ಸಾಕ್ಷಿ" ಎಂದಿದೆ. "ಈ ಸಾಕ್ಷಿ ಮೃತನನ್ನು ಸಾಕಿ ಬೆಳೆಸಿದವಳಾದರೂ ಕಾಯಿದೆಯಂತೆ ದಾವೆಗೆ ಅರ್ಹಳಲ್ಲ. ಈಕೆಗೆ ಯಾವ ಲಾಭವೂ ಇಲ್ಲದಿರುವುದರಿಂದಲೇ ಈಕೆಯ ಮಾತನ್ನು ನಂಬಬಹುದು." ಆ ಸಾಲನ್ನು ಹತ್ತಾರು ಸಲ ಓದಿದೆ. ಅರ್ಹಳಲ್ಲ ಎಂಬುದೇ ಕಡೆಗೆ ಅವನಿಗೆ ಉಪಯೋಗಕ್ಕೆ ಬಂತು.

ಪಟ್ಟಿಯಲ್ಲಿ ಈಗ ನಿಮ್ಮಿಬ್ಬರ ಹೆಸರಿದೆ. ಅವನ ಹೆಸರಿನ ಪಕ್ಕದಲ್ಲಿ ಹೆಂಡತಿ ಎಂದು ಸರ್ಕಾರದ ಮುದ್ರೆಯ ಕಾಗದದಲ್ಲಿದೆ.

ಮೇ ತಿಂಗಳಿಗೆ ನನಗೆ ನಿವೃತ್ತಿ. ಇನ್ನು ನಾನು ಬರೆಯಬೇಕಾದ ಕಾರಣವಿಲ್ಲ. ನೀನು ಒಂದೂವರೆ ವರ್ಷದಿಂದ ಬರೆಸಿಲ್ಲ, ಅದು ಸರಿಯಾಗಿಯೇ ಇದೆ. ಹುಡುಗಿಯನ್ನು ಶಾಲೆ ಬಿಡಿಸಬೇಡ.

ಗಂಗಲಕ್ಷ್ಮಮ್ಮ


ವೈ.ಎನ್.ಹೊಸಕೋಟೆ
8 ಮಾರ್ಚ್ 1964

ಅತ್ತಿಗೆಮ್ಮಾ,

ಸಾಬ್ರು ಸಿರಾಕ್ಕೆ ಹೋಗವ್ರೆ. ಇದನ್ನ ಹನುಮಕ್ಕ ಬರೀತವ್ಳೆ. ಕಾಗದ ನೇರ ಇಟ್ಕೊಂಡವ್ಳೆ, ನಾನೂ ಒಂದು ಕಡೆ ಹಿಡ್ಕೊಂಡಿದೀನಿ.

ಉಂಡು ಬಿಟ್ಟ ಎಲೆ ಅಂದ್ರಲ್ಲ, ಅದು ಹೋಗಾಕಿಲ್ಲ. ಹೋಯ್ತು ಅಂತ ಬರೆಸಿದ್ರೆ ಸುಳ್ಳಾಗ್ತೈತೆ. ಒಂದೂವರೆ ವರ್ಷ ಬಾಯಿ ಬಿಡದೆ ಇದ್ದಿದ್ದು ಅದಕ್ಕೇ. ಆದ್ರೆ ಹೊಳವನಹಳ್ಳಿಯೋರ ಮಾತೂ ಹೋಗಾಕಿಲ್ಲ. ಚೀಲ ಹೊಲೀತಾ ಕೂತಾಗ ಎರಡೂ ಬರ್ತಾವೆ, ಒಂದಾದ ಮೇಲೊಂದು.

ಡಬ್ಬಿ ಕಾಗದ ಕೋರ್ಟಿನಿಂದ ವಾಪಸ್ ಬಂತು. ಹಿಂದೆ ನಂಬರು ಹಾಕಿ ಮೊಹರು ಒತ್ತವ್ರೆ. ಮತ್ತೆ ಡಬ್ಬಿಗೆ ಹಾಕೋ ಮೊದಲು ಓದು ಅಂತ ಮಗಳಿಗೆ ಹೇಳ್ದೆ. ನಾವು ಮೂವರೂ ನಿಮ್ಮ ಹೊಸ್ತಿಲು ತುಳೀಬಾರದು ಅಂತ ಐತೆ. ಅವ್ರು ಸಾಯೋಗಂಟ ತುಳೀಲಿಲ್ಲ, ಅವ್ರು ನಡೆಸಿದ ಮಾತು ನಾವೂ ನಡೆಸ್ತೀವಿ, ಬಡವನಹಳ್ಳಿಗೆ ಬರಾಕಿಲ್ಲ.

ಪಾವಗಡದಿಂದ ಇಲ್ಲಿಗೆ ಮಧ್ಯಾಹ್ನ ಒಂದು ಗಂಟೆಗೆ ಬಸ್ಸೈತೆ. ಸಾಬ್ರ ಅಂಗಡಿ ಎದುರಿಗೇ ನಿಲ್ಲಿಸ್ತಾರೆ. ಆ ಎರಡು ಅಡಿಕೆ ತಗೊಂಡು ಬರ್ರಿ, ಹಿಂದಕ್ಕೆ ಕೊಡಾಕಲ್ಲ, ಕೂತು ಹಾಕ್ಕೊಳ್ಳಾಕೆ. ಎಲೆ ನಾನು ತರಿಸಿಟ್ಟಿರ್ತೀನಿ.

ನಮ್ಮ ಹೊಸ್ತಿಲ ಮಾತು ಆ ಕಾಗದದಾಗೆ ಎಲ್ಲೂ ಇಲ್ಲ. ಎರಡು ಸಲ ಓದಿಸಿ ಕೇಳ್ದೆ.

ಪೆದ್ದಮ್ಮ (ಹೆಬ್ಬೆಟ್ಟಿನ ಗುರುತು)
ಬರೆದವಳು: ಮೂಡಲಗಿರಿಯಪ್ಪನ ಮಗಳು ಚಿಕ್ಕಹನುಮಕ್ಕ